ಗರ್ಭದ ಅರಿವು ಸಾಗಿಬಂದ ಹಾದಿ



ತಾಯಿ ಕ್ಷೇತ್ರ, ತಂದೆಯ ಬೀಜವೇ ಮುಖ್ಯವೆಂಬ ಭಾವನೆ ಮನುಸ್ಮೃತಿಯಲ್ಲಿಯೂ ಪ್ರಾಚೀನ ಗ್ರೀಸಿನಲ್ಲಿಯೂ ಇತ್ತು. 1677ರಲ್ಲಿ ಲೇವೆನ್‌ಹುಕ್ ಸೂಕ್ಷ್ಮದರ್ಶಕದಲ್ಲಿ ವೀರ್ಯಾಣುವನ್ನು ಕಂಡ ಬಳಿಕ, ಅದರೊಳಗೇ ಪೂರ್ಣ ಶಿಶುವಿದೆಯೆಂದು ಕೆಲವರು ಊಹಿಸಿದರು. ಸ್ತನಿಗಳ ಅಂಡಾಣುವನ್ನು ಫಾನ್ ಬೇರ್ ಗುರುತಿಸಿದ್ದು 1827ರಲ್ಲಿ. 1876ರಲ್ಲಿ ಹರ್ಟ್‌ವಿಗ್ ಒಂದು ಕಡಲಜೀವಿಯಲ್ಲಿ ಅಂಡಾಣು ವೀರ್ಯಾಣುಗಳ ಕೇಂದ್ರಗಳು ಒಂದಾಗುವುದನ್ನು ಕಂಡರು.

ತಾಯಿಯ 23, ತಂದೆಯ 23 ವರ್ಣತಂತುಗಳು ಕೂಡಿಯೇ ಪಿಂಡವಾಗುವುದೆಂದು ಇಂದು ನಿಶ್ಚಿತ. ಸುಮಾರು 38 ವಾರ ಹೊತ್ತು ಪೋಷಿಸುವ ಭಾರವಾದರೋ ತಾಯಿಯೊಬ್ಬಳದೇ. ಶಿಶು ಹೆಣ್ಣೋ ಗಂಡೋ ಎಂಬುದು ತಂದೆಯ ವರ್ಣತಂತುವಿನಿಂದ ನಿರ್ಧಾರವಾಗುವುದೆಂಬ ಅರಿವಿಗೆ 1905ರಲ್ಲಿ ನೆಟ್ಟಿ ಸ್ಟೀವನ್ಸ್ ಅವರ ಕೀಟಾಧ್ಯಯನ ದಾರಿಯಾಯಿತು. ಆದರೂ ಹೆಣ್ಣು ಹೆತ್ತವಳನ್ನು ಹಳಿಯುವ ಮನೆಗಳು ಇನ್ನೂ ಇವೆ.

ಜನನಸೂತಕವನ್ನೇ ಅಲ್ಲಗಳೆದವರು ಶರಣರು. ಅವರ ಮಾರ್ಗದಲ್ಲಿ ನಡೆವ ನಾವು ಬಾಣಂತಿಯ ಮೇಲೆ ಇಲ್ಲದ ದೋಷವನ್ನು ಹೊರಿಸಲಾಗದು.