ಮುದ್ದೆ ಕೋಲು ಹಿಡಿದ ಕೈಗಳು

ನಮ್ಮ ಚರಿತ್ರೆಯನ್ನು ತಾಮ್ರಶಾಸನಗಳಲ್ಲಿ ಹುಡುಕಿದರೆ ಸಿಕ್ಕೋದಿಲ್ಲ. ಅಲ್ಲಿರೋದು ಭೂಮಿ ದಾನ ಕೊಟ್ಟವರ ಹೆಸರು, ಪಡೆದವರ ಹೆಸರು. ಆ ಭೂಮಿಯನ್ನು ಉತ್ತವರು ಸಂಜೆ ಏನು ಉಂಡರು ಅಂತ ತಿಳಿಯಬೇಕಾದರೆ ನಮ್ಮವ್ವಂದಿರ ಒಲೆ ಮುಂದೆ ಕೂರಬೇಕು.

ಎಸರು ಕುದೀತಿದೆ. ಹಿಟ್ಟು ಬೀಳುತ್ತೆ, ಮುದ್ದೆ ಕೋಲು ತಿರುಗುತ್ತೆ. ಪಕ್ಕದಲ್ಲಿ ಸೊಪ್ಪು ಬಸಿದ ನೀರಿಗೆ ಖಾರ ಬಿದ್ದು ಬಸ್ಸಾರಿನ ಘಮಲು ಹಟ್ಟಿಯನ್ನೆಲ್ಲ ತುಂಬುತ್ತೆ. ದುಡಿದು ಬಂದ ಮೈಗೆ ಇದಕ್ಕಿಂತ ದೊಡ್ಡ ಸುಖ ಇಲ್ಲ.

ಈ ರಾಗಿಯ ತವರು ನಮ್ಮ ನೆಲವಲ್ಲ, ಪೂರ್ವ ಆಫ್ರಿಕಾದ ಎತ್ತರದ ನಾಡುಗಳು. ಅಲ್ಲಿಂದ ಸಾವಿರಾರು ವರ್ಷಗಳ ಹಿಂದೆಯೇ ಈ ಕಡೆ ಬಂತು. ಯುಗಾಂಡದ ಹಳ್ಳಿಗಳಲ್ಲಿ ಇವತ್ತಿಗೂ ಕುದಿಯುವ ನೀರಿಗೆ ರಾಗಿ ಹಿಟ್ಟು ಹಾಕಿ ಕೋಲಿನಿಂದ ತಿರುವುತ್ತಾರೆ. ಅದಕ್ಕೆ 'ಕಾಲೊ' ಅಂತಾರೆ. ಕೈಯಲ್ಲಿ ಮುರಿದು ಕಡಲೆಕಾಯಿ ಸಾರಿಗೆ ಅದ್ದಿ ಉಣ್ಣುತ್ತಾರೆ. ಅವರೂ ನಾವೂ ಒಂದೇ ಕಾಳಿನ ನೆಂಟರು.

ಅದೇ ಖಂಡದ ಪಶ್ಚಿಮ ತೀರದಿಂದ ಮನುಷ್ಯರನ್ನೇ ಸಂಕೋಲೆ ಬಿಗಿದು, ಹಡಗು ತುಂಬಿ ಅಮೆರಿಕಾಕ್ಕೆ ಸಾಗಿಸಿದರು. ಗುಲಾಮನಾಗಿ ಹುಟ್ಟಿ ತಪ್ಪಿಸಿಕೊಂಡ ಫ್ರೆಡರಿಕ್ ಡಗ್ಲಾಸ್ 1845ರ ತನ್ನ ಆತ್ಮಕಥೆಯಲ್ಲಿ ಪಡಿಯ ಲೆಕ್ಕ ಕೊಟ್ಟಿದ್ದಾನೆ: ತಿಂಗಳಿಗೆ 8 ಪೌಂಡ್ ಹಂದಿಮಾಂಸ ಅಥವಾ ಅಷ್ಟು ಬೆಲೆಯ ಮೀನು, 1 ಬುಷೆಲ್ ಮುಸುಕಿನ ಜೋಳದ ಹಿಟ್ಟು. ಜೀತದ ಮನೆಯಿಂದ ರಾಗಿ ಅಳೆಸಿಕೊಂಡು ಬಂದ ನಮಗೆ ಈ ಲೆಕ್ಕವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಜೀತ ರದ್ದತಿಯ ಕಾಯ್ದೆ ಬಂದದ್ದೇ 1976ರಲ್ಲಿ.

ಆ ಪಡಿಯಲ್ಲಿ ಕರಿಯ ತಾಯಂದಿರು ಏನು ಮಾಡಿದರು ನೋಡಿ. ಒಡೆಯ ಬೇಡವೆಂದ ಕರುಳನ್ನು ತೊಳೆದು ಬೇಯಿಸಿ 'ಚಿಟ್ಲಿನ್ಸ್' ಮಾಡಿದರು. ನಮ್ಮ ಬೋಟಿ ಸಾರು ಇನ್ನೇನು? ಸೊಪ್ಪು ಬೇಯಿಸಿದ ನೀರನ್ನು ಚೆಲ್ಲದೆ ಜೋಳದ ರೊಟ್ಟಿ ಅದ್ದಿ ತಿಂದರು. ಅದು ಅವರ ಬಸ್ಸಾರು. ಆಫ್ರಿಕಾದ ಬೆಂಡೆಯಿಂದ 'ಗಂಬೊ' ಕುದಿಸಿದರು. 1960ರ ದಶಕದಲ್ಲಿ ಅವರ ಮಕ್ಕಳು ಇದಕ್ಕೆಲ್ಲ 'ಸೋಲ್ ಫುಡ್', ಅಂದರೆ ಆತ್ಮದ ಊಟ, ಅಂತ ಎದೆಯುಬ್ಬಿಸಿ ಹೆಸರಿಟ್ಟರು. 1969ರಲ್ಲಿ ಓಕ್‌ಲ್ಯಾಂಡಿನಲ್ಲಿ ಬ್ಲ್ಯಾಕ್ ಪ್ಯಾಂಥರ್ ಗೆಳೆಯರು ಮಕ್ಕಳಿಗೆ ಬೆಳಗಿನ ತಿಂಡಿ ಬಡಿಸತೊಡಗಿದರು. 1972ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ದಲಿತ್ ಪ್ಯಾಂಥರ್ಸ್ ಆ ಹೆಸರನ್ನು ಪಡೆದದ್ದು ಇವರಿಂದಲೇ.

ನಾವು ಹಸಿವನ್ನು ಹಾಡಿ ಹೊಗಳುತ್ತಿಲ್ಲ. ಬಡತನ ರುಚಿ ಕೊಡೋದಿಲ್ಲ. ರುಚಿ ಕೊಟ್ಟದ್ದು ನಮ್ಮವ್ವಂದಿರ ಕೈ, ಅವರ ಬುದ್ಧಿ.

ಕಾಳುಗಳಿಗೂ ಜಾತಿ ಗೊತ್ತಿಲ್ಲ. ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಮದುವೆ ಮಾಡಿಸಿ 'ಇಂಡಾಫ್' ತಳಿಗಳನ್ನು ಕೊಟ್ಟರು. ಇಳುವರಿ ಹೆಚ್ಚಿತು, ಎಷ್ಟೋ ಹಟ್ಟಿಗಳ ಹೊಟ್ಟೆ ತುಂಬಿತು.

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿತು. ಮುದ್ದೆ ತಿನ್ನೋರು ಅಂತ ಆಡಿಕೊಂಡವರೇ ಈಗ ರಾಗಿಯನ್ನು ಬಣ್ಣದ ಪೊಟ್ಟಣದಲ್ಲಿ ಕೊಳ್ಳುತ್ತಿದ್ದಾರೆ. ಕೊಳ್ಳಲಿ, ಸಂತೋಷ. ಆದರೆ ಶಾಲೆಯ ಬಿಸಿಯೂಟಕ್ಕೆ ದಲಿತ ಹೆಣ್ಣುಮಗಳು ಸೌಟು ಹಿಡಿದರೆ ಮಕ್ಕಳ ತಟ್ಟೆ ಕಿತ್ತುಕೊಂಡ ಊರುಗಳೂ ಇದೇ ನಾಡಿನಲ್ಲಿವೆ. ನಮ್ಮ ಕಾಳು ಬೇಕು, ನಮ್ಮ ಕೈ ಬೇಡ ಅನ್ನೋರಿಗೆ ನಾವು ಕೇಳೋದು ಇಷ್ಟೆ: ನಮ್ಮವ್ವ ಕಟ್ಟಿದ ಮುದ್ದೆಯನ್ನು, ನಮ್ಮ ಪಂಕ್ತಿಯಲ್ಲಿ, ನಮ್ಮ ಪಕ್ಕ ಕೂತು ಉಣ್ಣುತ್ತೀರಾ?