ಮಗ್ಗದ ರಟ್ಟು, ಗಣಕದ ಆಜ್ಞೆ

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡು ಬಂದ ದೇವಾಂಗ ನೇಕಾರರಿಗೆ ಜಕಾರ್ಡ್ ಮಗ್ಗ ಹೊಸತಲ್ಲ. ಸಿರುಮುಗೈಯ ರೇಷ್ಮೆ ಸೀರೆಯ ಸೆರಗಿನಲ್ಲಿ ಹೂವು ಮೂಡುವುದು ತೂತು ಕೊರೆದ ರಟ್ಟುಗಳ ಮಾಲೆಯಿಂದಲೇ. ತೂತಿದ್ದೆಡೆ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದೆಡೆ ಕೆಳಗೇ ನಿಲ್ಲುತ್ತದೆ. ಒಂದೊಂದು ಹೊಕ್ಕಿಗೂ ಒಂದೊಂದು ರಟ್ಟು. ಒಂದು ತೂತು ತಪ್ಪಿದರೆ ಆ ತಪ್ಪು ಪ್ರತಿ ಸೀರೆಯಲ್ಲಿಯೂ ಮರುಕಳಿಸುತ್ತದೆ.

1804ರಲ್ಲಿ ಫ್ರಾನ್ಸಿನ ಲಿಯಾನಿನ ಜಕಾರ್ಡ್ ರೂಪಿಸಿದ ಈ ಉಪಾಯವನ್ನು ಚಾರ್ಲ್ಸ್ ಬ್ಯಾಬೇಜರು ತಮ್ಮ ಗಣನಯಂತ್ರದ ಕಲ್ಪನೆಗೆ ಎರವಲು ಪಡೆದರು. 1960ರ ದಶಕದಲ್ಲಿ ಮತ್ತೊಬ್ಬ ಫ್ರೆಂಚರು, ಲೂಯಿ ಪೂಜಾನ್, ಅಮೆರಿಕದ ಎಂ.ಐ.ಟಿ.ಯಲ್ಲಿ ಆಜ್ಞೆಗಳನ್ನು ಕಡತವೊಂದರಲ್ಲಿ ಸಾಲಾಗಿ ಬರೆದಿಟ್ಟು ಒಂದೇ ಕರೆಗೆ ನಡೆಸುವ ‘ರನ್‌ಕಾಮ್’ ರಚಿಸಿದರು. ‘ಶೆಲ್’ ಎಂಬ ಹೆಸರೂ ಅವರದೇ. ಯುನಿಕ್ಸ್‌ಗೆ 1971ರಲ್ಲಿ ಕೆನ್ ಥಾಂಪ್ಸನ್ ಶೆಲ್ ಬರೆದರು. 1979ರಲ್ಲಿ ಬೌರ್ನ್ ಶೆಲ್, 1989ರಲ್ಲಿ ಬ್ಯಾಷ್ ಬಂದವು. ಇಲ್ಲಿಯೂ ತಪ್ಪಾದ ಒಂದು ಸಾಲು ತಪ್ಪದೆ ಮರುಕಳಿಸುತ್ತದೆ.

ಈಗ ವಿದ್ಯುನ್ಮಾನ ಜಕಾರ್ಡ್ ಬಂದು ರಟ್ಟಿನ ಕಟ್ಟುಗಳು ಅಟ್ಟ ಸೇರುತ್ತಿವೆ. ಯಾವ ಕಟ್ಟು ಯಾವ ಹೂವಿನದೆಂಬುದನ್ನು ಹಿರಿಯರು ಕನ್ನಡದಲ್ಲಿ ಹೇಳಬಲ್ಲರು. ಗಣಕಕ್ಕೆ ಆಜ್ಞೆ ಬರೆಯಬಲ್ಲ ಮೊಮ್ಮಕ್ಕಳು ಆ ಕನ್ನಡವನ್ನು ಆಡುತ್ತಾರೆ. ಬರೆದುಕೊಳ್ಳಲು ಅವರಲ್ಲಿ ಬಹುತೇಕರಿಗೆ ಕನ್ನಡ ಅಕ್ಷರ ಬಾರದು.