ಇನ್ನೆಷ್ಟು ಕಟ್ಟೋದು?

ಮೊನ್ನೆ ರಾತ್ರಿ ಹೊಸ ನಮೂನೆಯ ಫ್ಲೈ ಒಂದನ್ನು ಕಟ್ಟಿ ಮುಗಿಸಿದೆ. ಗಾಳದ ಕೊಕ್ಕೆಗೆ ದಾರ, ಉಣ್ಣೆ, ಹಕ್ಕಿಯ ಗರಿ ಸುತ್ತಿ ಮೀನಿನ ಕಣ್ಣಿಗೆ ಹುಳು ಅನ್ನಿಸುವಂತೆ ಮಾಡ್ತೀವಲ್ಲ, ಅದು. ಚೆನ್ನಾಗೇ ಬಂತು. ಆಮೇಲೆ ಶುರುವಾಯ್ತು ತಲೆಬಿಸಿ. ಇಂಥದ್ದು ಇನ್ನೆಷ್ಟು ಕಟ್ಟೋದು? ಒಂದೇ ಇದ್ದರೆ ದಡದ ಪೊದೆಗೆ ಸಿಕ್ಕಿಕೊಂಡಲ್ಲಿಗೆ ಪರೀಕ್ಷೆ ಮುಗೀತು. ಡಜನ್ ಕಟ್ಟಿಟ್ಟು, ಮೀನು ಮೂಸಿಯೂ ನೋಡದಿದ್ದರೆ?

ಪ್ರಶ್ನೆ ಹಳೇದು. 1496ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾದ ಗಾಳದ ಬಗೆಗಿನ ಪ್ರಬಂಧವೊಂದು ತಿಂಗಳಿಗೆ ತಕ್ಕ ಹಾಗೆ 12 ನಮೂನೆ ಸಾಕು ಅಂದಿತ್ತು. 1857ರಲ್ಲಿ ಸ್ಕಾಟ್ಲೆಂಡಿನ ಸ್ಟೀವರ್ಟ್, ಬಣ್ಣಕ್ಕಿಂತ ಗಾತ್ರ, ಆಕಾರ ಮುಖ್ಯ ಅಂತ ವಾದಿಸಿದ. ಅವನ ಹೆಸರಲ್ಲಿ ಇವತ್ತಿಗೂ ಉಳಿದಿರೋದು ಕಪ್ಪು, ಕೆಂಪು, ಮಾಸಲು ಬಣ್ಣದ ಮೂರೇ ಮೂರು 'ಜೇಡ'ಗಳು. ಆದರೆ 1886ರಲ್ಲಿ ಹಾಲ್‌ಫರ್ಡ್ ಅನ್ನುವವನು, ಹೊಳೆಯ ಮೇಲೆ ಹಾರುವ ಒಂದೊಂದು ಹುಳುವಿಗೂ ತದ್ರೂಪು ಬೇಕು ಅಂತ ಹೊರಟು 90 ನಮೂನೆಗಳ ಪುಸ್ತಕ ಮಾಡಿದ. 1910ರ ಹೊತ್ತಿಗೆ ಅದೇ ಮನುಷ್ಯ 33ಕ್ಕೆ ಇಳಿದಿದ್ದ. ಅದರಲ್ಲೂ ಗಂಡು ಹುಳುವಿಗೊಂದು, ಹೆಣ್ಣು ಹುಳುವಿಗೊಂದು! ಹಟ ಪೂರ್ತಿ ಬಿಟ್ಟಿರಲಿಲ್ಲ ಅನ್ನಿ.

ಇದೆಲ್ಲ ಟ್ರೌಟ್ ಮೀನಿನ ಕಥೆ. ಅಲ್ಲಿ ಎಷ್ಟೇ ನಮೂನೆ ಮಾಡಿದರೂ ಹೊಳೆಯಲ್ಲಿರುವ ಹುಳುಗಳೇ ಒಂದು ಗಡಿ. ಸಾಲ್ಮನ್ ಹಾಗಲ್ಲ. ಅದು ಸಮುದ್ರದಿಂದ ಮೊಟ್ಟೆ ಇಡೋಕೆ ಹೊಳೆಗೆ ಏರಿ ಬಂದಾಗ ಹೊಟ್ಟೆಗೇ ತಿನ್ನೋದಿಲ್ಲ. ಯಾವ ಹುಳುವನ್ನು ಅನುಕರಿಸೋದು? ಹಾಗಾಗಿ ಕಟ್ಟುವವನ ಕಲ್ಪನೆಗೆ ಲಗಾಮೇ ಇಲ್ಲದಾಯ್ತು. 1895ರಲ್ಲಿ ಕೆಲ್ಸನ್ ಬರೆದ ಪುಸ್ತಕದಲ್ಲಿ ಸುಮಾರು 300 ನಮೂನೆಗಳಿವೆ. ಟೂಕನ್ ಗರಿ, 'ಇಂಡಿಯನ್ ಕ್ರೋ' ಗರಿ... ಹೆಸರು ನೋಡಿ ಮೋಸಹೋಗಬೇಡಿ, ಆ ಹಕ್ಕಿ ದಕ್ಷಿಣ ಅಮೆರಿಕದ್ದು, ನಮ್ಮ ಕಾಗೆಗೂ ಅದಕ್ಕೂ ನೆಂಟಸ್ತಿಕೆ ಇಲ್ಲ.

ನಮ್ಮದು ಬೇರೆ ಇತ್ತು. ಪರಿಚಯದವರ ಕಾಫಿ ಎಸ್ಟೇಟಿನ ಬಂಗಲೆಯಲ್ಲಿ ಒಮ್ಮೆ ತುಕ್ಕು ಹಿಡಿದ ಡಬ್ಬಿ ತೆಗೆದು ತೋರಿಸಿದರು. ಒಳಗೆ ಹಳೇ ಸಾಲ್ಮನ್ ಫ್ಲೈಗಳು. ಒಂದೊಂದರ ಎರಡೂ ಪಕ್ಕದಲ್ಲಿ ಮೇಣದ ಹನಿ ಬಿದ್ದಂಥ ಹಳದಿ ಚುಕ್ಕೆಯ ಗರಿ. ಕಂಡ ಕೂಡಲೇ ಗುರುತು ಸಿಕ್ಕಿತು. ಬೆಳಗಿನ ಜಾವ ತೋಟದಾಚೆ ಕೂಗುವ ಕಾಡುಕೋಳಿ ಹುಂಜದ ಕುತ್ತಿಗೆಯದು!

ಲೆಕ್ಕ ಹಾಕಿ. ಒಂದು ಫ್ಲೈಗೆ ಎಡಕ್ಕೊಂದು, ಬಲಕ್ಕೊಂದು, ಎರಡೂ ಒಂದೇ ಅಳತೆಯವು. ಒಂದು ಕುತ್ತಿಗೆಯಲ್ಲಿ ಒಂದೇ ಅಳತೆಯ ಒಳ್ಳೆ ಜೋಡಿ ಸಿಗೋದು ಕೆಲವೇ. ಅಲ್ಲಿ ಯಾರೋ ಹೊಸ ನಮೂನೆ ಡಜನ್ ಡಜನ್ ಕಟ್ಟೋಣ ಅಂತ ಕೂತರೆ, ಇಲ್ಲಿ ಇನ್ನೊಂದು ಹುಂಜ ಉರುಳಿಗೆ ಬೀಳಬೇಕು. ಹೆಂಗಸರ ಟೋಪಿಗಳಿಗಂತೂ ಗರಿಗಳು ರಾಶಿಗಟ್ಟಲೆ ಹೋಗುತ್ತಿದ್ದ ಕಾಲ ಅದು. 1902ರಲ್ಲಿ ಸರ್ಕಾರ ಕಾಡುಹಕ್ಕಿಗಳ ಚರ್ಮ, ಗರಿಗಳ ರಫ್ತನ್ನೇ ನಿಷೇಧಿಸಬೇಕಾಯ್ತು. 1972ರ ಕಾಯ್ದೆ ಬಂದ ಮೇಲೆ ಹಕ್ಕಿಗೇ ರಕ್ಷಣೆ ಸಿಕ್ಕಿತು.

ನನ್ನ ಹೊಸ ನಮೂನೆಗೂ ಆ ಕಣ್ಣು ಬೇಕು. ಮನೆಯ ನಾಟಿಕೋಳಿ ಗರಿಗೆ ನೈಲ್ ಪಾಲಿಶ್ ಚುಕ್ಕೆ ಇಡುತ್ತಾ ಕೂತಿದ್ದೆ. ಚಿಕ್ಕಪ್ಪ ನೋಡಿ ನಕ್ಕರು.

"ಇದೆಂಥದ್ದು ಮಾರಾಯ? ಒಂದು ಕಾಡುಕೋಳಿ ಕುತ್ತಿಗೆ ತರಿಸ್ಕೊಡ್ತೇನೆ. ಎಷ್ಟು ಬೇಕಾದ್ರೂ ಕಟ್ಕೋ."

ಸುಳ್ಳು ಹೇಳೋದಿಲ್ಲ, ಒಂದು ಗಳಿಗೆ ಕೈ ನಿಂತಿತು. ಆ ಮೇಣದ ಹೊಳಪು ನೈಲ್ ಪಾಲಿಶ್‌ಗೆ ಜನ್ಮದಲ್ಲಿ ಬರೋದಿಲ್ಲ.

"ಬೇಡ ಚಿಕ್ಕಪ್ಪ," ಅಂದೆ, "ನಂಗೆ ಬೇಕಾಗಿರೋದೇ ಮೂರು."

ಆಗಲೇ ಸಂಖ್ಯೆ ತೀರ್ಮಾನ ಆಗಿದ್ದು. ಎರಡು ಕೆರೆಗೆ ತಗೊಂಡು ಹೋಗ್ತೇನೆ. ಮೂರನೆಯದು ಡಬ್ಬಿಯಲ್ಲೇ ಇರಲಿ, ಮೀನು ಕಚ್ಚಿದರೆ ಮುಂದಿನದಕ್ಕೆ ಅಳತೆ ಬೇಕಲ್ಲ.